ಹೆಸರು ಹಿಡಿದು ಕರೆಯುವುದು

ಮನೆಯಿಲ್ಲದವರು ಎಂಬ ಮಾತನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮಳೆಗೆ ನೆನೆಯುವ ತಲೆ, ಚಳಿಗೆ ಮುದುಡುವ ಮೈ, ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಹಾಸಿದ ಗೋಣಿಚೀಲ. ಇವೆಲ್ಲ ನಿಜವೇ. ಆದರೆ ಮನೆಯೆಂದರೆ ನಾಲ್ಕು ಗೋಡೆ, ಒಂದು ಮಾಡು, ಇಷ್ಟೇ ಅಲ್ಲವಷ್ಟೆ. ಹೊತ್ತು ಮುಳುಗಿದರೂ ನಾವು ಹಿಂದಿರುಗದಿದ್ದರೆ ದಾರಿ ಕಾಯುವವರಿರುವ ಎಡೆ ಮನೆ. ಜ್ವರ ಬಂದು ಮಲಗಿದರೆ ಹಣೆಯ ಮೇಲೆ ಕೈಯಿಟ್ಟು ನೋಡುವವರಿರುವ ಎಡೆ ಮನೆ. ಎಲ್ಲಕ್ಕೂ ಮಿಗಿಲಾಗಿ, ನಮ್ಮನ್ನು ಹೆಸರು ಹಿಡಿದು ಕರೆಯುವವರಿರುವ ಎಡೆ ಮನೆ. ಬೀದಿಗೆ ಬಿದ್ದ ಮನುಷ್ಯನು ಸೂರಿನೊಡನೆ ಈ ಕರೆಯನ್ನೂ ಕಳೆದುಕೊಳ್ಳುತ್ತಾನೆ. ಕೆಲವು ಕಾಲದಲ್ಲಿಯೇ ಅವನು ಎಲ್ಲರ ಬಾಯಲ್ಲಿ ‘ಏಯ್’ ಆಗುತ್ತಾನೆ, ‘ಮುದುಕ’ ಆಗುತ್ತಾನೆ. ಕೊನೆಗೆ ಕಣ್ಣಿಗೆ ಬಿದ್ದರೂ ಕಾಣದವನಾಗುತ್ತಾನೆ. ಸೂರನ್ನು ಒದಗಿಸುವ ಹೊಣೆ ಸರ್ಕಾರದ್ದೆನ್ನೋಣ. ಆ ಕರೆಯನ್ನು ಮರಳಿ ಕೊಡುವ ಹೊಣೆ ಯಾರದು? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

2011ರ ಜನಗಣತಿಯ ಕಾಲದಲ್ಲಿ, ಫೆಬ್ರವರಿ 28ರ ರಾತ್ರಿ, ಗಣತಿಯವರು ನಮ್ಮ ದೇಶದ ರೈಲು ನಿಲ್ದಾಣಗಳಲ್ಲಿ, ಗುಡಿಗಳ ಜಗಲಿಗಳ ಮೇಲೆ, ಸೇತುವೆಗಳ ಅಡಿಯಲ್ಲಿ ಮಲಗಿದ್ದವರನ್ನು ಎಣಿಸಿದರು. ದೊರೆತ ಸಂಖ್ಯೆ ಸುಮಾರು 17 ಲಕ್ಷ 73 ಸಾವಿರ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರವಾಸಿಗಳು. ಈ ಎಣಿಕೆ ಅಗತ್ಯವಾದದ್ದೇ. ಎಣಿಸದವರಿಗೆ ಯಾವ ಯೋಜನೆಯೂ ತಲುಪುವುದಿಲ್ಲ. ಆದರೆ ಎಣಿಸುವವನು ಒಂದು ರಾತ್ರಿ ಬಂದು ಹೋಗುತ್ತಾನೆ. ಮರುವಾರವೂ ಬರುವವರು, ಅದರ ಮರುವಾರವೂ ಬರುವವರು ಬೇರೆ. ಅಂಥವರ ಕಥೆಯನ್ನು ಹೇಳಲು ನಾನು ನಿಮ್ಮನ್ನು ಸ್ವಲ್ಪ ಹೊತ್ತು ರೋಮ್ ನಗರಕ್ಕೆ ಕರೆದೊಯ್ಯಬೇಕಾಗಿದೆ.

1968ರಲ್ಲಿ ಅಂದ್ರೇಯಾ ರಿಕ್ಕಾರ್ದಿ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ತನ್ನ ಶಾಲೆಯ ಕೆಲವು ಗೆಳೆಯರನ್ನು ಕೂಡಿಸಿಕೊಂಡು ಸುವಾರ್ತೆಯನ್ನು ಓದತೊಡಗಿದನು. ಯುರೋಪಿನ ತರುಣರೆಲ್ಲ ಬೀದಿಗಿಳಿದು ಜಗತ್ತನ್ನು ಬದಲಾಯಿಸುತ್ತೇವೆಂದು ಘೋಷಿಸುತ್ತಿದ್ದ ವರ್ಷ ಅದು. ಈ ಹುಡುಗರೂ ಬೀದಿಗಿಳಿದರು. ಆದರೆ ಅವರು ಹೋದದ್ದು ನಗರದ ಅಂಚಿನ ಗುಡಿಸಲುಗಳಿಗೆ. ಅಲ್ಲಿಯ ಬಡಮಕ್ಕಳಿಗೆ ಪಾಠ ಹೇಳಿಕೊಡುವುದರಿಂದ ಅವರ ಕೆಲಸ ಆರಂಭವಾಯಿತು. ಮುಂದೆ ಟೈಬರ್ ನದಿಯಾಚೆಯ ತ್ರಾಸ್ತೇವೆರೆ ಎಂಬ ಹಳೆಯ ಬಡಾವಣೆಯಲ್ಲಿನ ಒಂದು ಪುಟ್ಟ ಚರ್ಚು ಅವರ ನೆಲೆಯಾಯಿತು. ಆ ಚರ್ಚಿನ ಹೆಸರೇ ಅವರ ಬಳಗದ ಹೆಸರೂ ಆಯಿತು: ಸಾಂತ್ ಎಜಿದಿಯೊ. ಹಗಲು ತಮ್ಮ ತಮ್ಮ ಉದ್ಯೋಗಗಳಲ್ಲಿರುವ ಗೃಹಸ್ಥರು, ವಿದ್ಯಾರ್ಥಿಗಳು ಸಂಜೆ ಕೂಡಿ ಪ್ರಾರ್ಥಿಸುವುದು, ಬಳಿಕ ಬಡವರ ಬಳಿಗೆ ಹೋಗುವುದು — ಇದು ಆ ಬಳಗದ ರೀತಿ.

1983ರ ಜನವರಿ 31. ರೋಮಿನ ದೊಡ್ಡ ರೈಲು ನಿಲ್ದಾಣವಾದ ತೆರ್ಮಿನಿಯ ಬಳಿ ಬದುಕು ಸಾಗಿಸುತ್ತಿದ್ದ ಮೊದೆಸ್ತಾ ವಲೆಂತಿ ಎಂಬ 71 ವರ್ಷದ ವೃದ್ಧೆ ಅಸ್ವಸ್ಥಳಾಗಿ ಕುಸಿದಳು. ಆಂಬುಲೆನ್ಸ್ ಬಂತು. ಆದರೆ ಆಕೆಯ ಮೈ ಕೊಳೆಯಾಗಿದೆ, ತಲೆಯಲ್ಲಿ ಹೇನುಗಳಿವೆ ಎಂಬ ಕಾರಣಕ್ಕೆ ಆಕೆಯನ್ನು ಹತ್ತಿಸಿಕೊಳ್ಳಲಿಲ್ಲ. ಒಯ್ಯುವವರು ಯಾರೆಂಬುದು ತೀರ್ಮಾನವಾಗುವಷ್ಟರಲ್ಲಿ ಗಂಟೆಗಳು ಕಳೆದವು. ಆಕೆ ನೆಲದ ಮೇಲೆಯೇ ಪ್ರಾಣ ಬಿಟ್ಟಳು. ಸಾವಿರಾರು ಪ್ರಯಾಣಿಕರು ಹಾದುಹೋಗುವ ನಿಲ್ದಾಣ ಅದು. ಔಷಧಿಗಾಗಲಿ ವೈದ್ಯರಿಗಾಗಲಿ ಬರವಿಲ್ಲದ ನಗರ ಅದು. ಕೊರತೆಯಾದದ್ದು ಒಂದೇ — ಇವಳು ನಮ್ಮವಳು ಎಂದು ಹೇಳಿ ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ.

ಸಾಂತ್ ಎಜಿದಿಯೊ ಬಳಗದವರು ಈ ಸಾವನ್ನು ಮರೆಯಗೊಡಲಿಲ್ಲ. ಅಂದಿನಿಂದ ಪ್ರತಿ ವರ್ಷವೂ ಆ ದಿನಗಳಲ್ಲಿ ಅವರು ಚರ್ಚಿನಲ್ಲಿ ಕೂಡಿ, ಮೊದೆಸ್ತಾಳ ಹೆಸರನ್ನೂ ರೋಮಿನ ಬೀದಿಗಳಲ್ಲಿ ಸತ್ತ ಇತರರ ಹೆಸರುಗಳನ್ನೂ ಒಂದೊಂದಾಗಿ ಓದುತ್ತಾರೆ. ಒಂದೊಂದು ಹೆಸರಿಗೂ ಒಂದು ಮೇಣದ ಬತ್ತಿ ಹೊತ್ತಿಸುತ್ತಾರೆ. ಇದು ಬರಿಯ ಶ್ರಾದ್ಧವಲ್ಲ. ಸತ್ತವರ ಹೆಸರನ್ನು ಓದಬೇಕಾದರೆ ಬದುಕಿದ್ದಾಗ ಅವರ ಹೆಸರನ್ನು ಕೇಳಿರಬೇಕು. ಕೇಳಬೇಕಾದರೆ ಪಕ್ಕದಲ್ಲಿ ಕುಳಿತಿರಬೇಕು. ಸಾವಿನ ಈ ಸ್ಮರಣೆ ಬದುಕಿರುವವರ ಬಳಿ ಹೋಗಿ ಕುಳಿತುಕೊಳ್ಳುವಂತೆ ಅವರನ್ನು ಕಟ್ಟಿಹಾಕಿತು.

ಹೀಗೆ ಕುಳಿತು ಕೇಳಿದ್ದರಿಂದ ಹುಟ್ಟಿದ ಕೆಲಸಗಳನ್ನು ನೋಡಿ. 1990ರಿಂದ ಅವರು ರೋಮಿನಲ್ಲಿ ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು, ಎಲ್ಲಿ ಮೈ ತೊಳೆಯಬಹುದು ಎಂಬ ವಿವರಗಳ ಕಿರುಹೊತ್ತಗೆಯೊಂದನ್ನು ಅಚ್ಚು ಮಾಡಿ ಬೀದಿಯವರಿಗೆ ಹಂಚತೊಡಗಿದರು. ಪ್ರವಾಸಿಗೆ ಕೈಪಿಡಿಯುಂಟು, ಬಡವನಿಗೇಕೆ ಇರಬಾರದು? 1982ರ ಕ್ರಿಸ್‌ಮಸ್ ದಿನ ತ್ರಾಸ್ತೇವೆರೆಯ ಸಂತ ಮರಿಯಳ ಪುರಾತನ ದೇವಾಲಯದ ಒಳಗೇ ಊಟದ ಮೇಜುಗಳನ್ನು ಹಾಕಿ ಸುಮಾರು ಇಪ್ಪತ್ತು ಮಂದಿ ಬಡವರನ್ನು ಅತಿಥಿಗಳಾಗಿ ಕೂರಿಸಿದ್ದರು. ಆ ಊಟ ಈಗ ಹತ್ತಾರು ದೇಶಗಳಲ್ಲಿ ನಡೆಯುತ್ತದೆ. ಅಲ್ಲಿ ಬಡಿಸುವವರು ಯಾರು, ಉಣ್ಣುವವರು ಯಾರು ಎಂದು ಬೇರೆಯಾಗಿ ಗುರುತಿಸುವುದು ಕಷ್ಟ. ಎಲ್ಲರೂ ಜತೆಯಲ್ಲಿ ಕುಳಿತಿರುತ್ತಾರೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಸಂಗತಿ ಮತ್ತೊಂದಿದೆ. ಇಟಲಿಯಲ್ಲಿ ಗುರುತಿನ ಚೀಟಿ ಬೇಕಾದರೆ ನಗರಸಭೆಯ ದಾಖಲೆಯಲ್ಲಿ ಒಂದು ವಿಳಾಸವಿರಬೇಕು. ಕುಟುಂಬ ವೈದ್ಯನ ನೆರವಿಗೂ ಬಹುಕಾಲ ಅದು ಬೇಕಾಗಿತ್ತು. ವಿಳಾಸವಿಲ್ಲದವನಿಗೆ ವಿಳಾಸವೆಲ್ಲಿಂದ ಬರಬೇಕು? ರೋಮಿನ ನಗರಾಡಳಿತ ಇದಕ್ಕಾಗಿ ನಕ್ಷೆಯಲ್ಲೆಲ್ಲೂ ಇಲ್ಲದ ಒಂದು ಬೀದಿಯನ್ನು ದಾಖಲೆಯಲ್ಲಿ ಕಲ್ಪಿಸಿತು. ಸೂರಿಲ್ಲದವರು ಆ ಬೀದಿಯ ನಿವಾಸಿಗಳೆಂದು ಹೆಸರು ಬರೆಸಿಕೊಳ್ಳುತ್ತಾರೆ. ಆ ಬೀದಿಯ ಹೆಸರು ಮೊದೆಸ್ತಾ ವಲೆಂತಿ ಬೀದಿ. ಯಾವ ಮುದುಕಿಗೆ ಸಾಯುವ ಗಳಿಗೆಯಲ್ಲಿ ಒಂದು ಗಾಡಿಯಲ್ಲಿ ಎಡೆ ಸಿಗಲಿಲ್ಲವೋ, ಆಕೆಯ ಹೆಸರೇ ಸಾವಿರಾರು ಮಂದಿಗೆ ಎಡೆಯಾಯಿತು.

ಅದೇ ನಗರದ ಇನ್ನೊಂದು ಘಟನೆ 2014ರದು. ಆಗ ಪೋಪರ ಪರವಾಗಿ ಬಡವರ ಸಹಾಯ ಕಾರ್ಯವನ್ನು ನೋಡಿಕೊಳ್ಳುತ್ತಿದ್ದ ಆರ್ಚ್‌ಬಿಷಪ್ ಕೊನ್ರಾಡ್ ಕ್ರಾಯೆವ್‌ಸ್ಕಿಯವರು ಬೀದಿಯಲ್ಲಿ ವಾಸಿಸುತ್ತಿದ್ದ ಒಬ್ಬನನ್ನು ಮಾತನಾಡಿಸುತ್ತಿದ್ದರು. ಅಂದು ಅವನಿಗೆ ಐವತ್ತು ತುಂಬಿತ್ತು. ಅವರು ಅವನನ್ನು ಹೋಟೆಲಿಗೆ ಊಟಕ್ಕೆ ಕರೆದರು. ತನ್ನ ಮೈ ನಾರುತ್ತಿರುವುದರಿಂದ ಬರಲಾರೆನೆಂದು ಅವನು ಹೇಳಿದನು. ರೋಮಿನಲ್ಲಿ ತುತ್ತು ಅನ್ನ ಹೇಗೋ ಸಿಗುತ್ತದೆ, ಸ್ನಾನಕ್ಕೆ ಎಡೆಯಿಲ್ಲ ಎಂಬುದು ಆಗ ಅವರಿಗೆ ತಿಳಿಯಿತು. 2015ರ ಫೆಬ್ರವರಿಯಲ್ಲಿ ಸಂತ ಪೀಟರರ ಚೌಕದ ಭವ್ಯ ಕಂಬಸಾಲಿನ ಪಕ್ಕದಲ್ಲಿಯೇ ಬಡವರಿಗಾಗಿ ಸ್ನಾನದ ಕೋಣೆಗಳೂ ಕ್ಷೌರದ ಏರ್ಪಾಡೂ ಆರಂಭವಾದವು. ಈ ಘಟನೆಯ ತಿರುಳನ್ನು ಗಮನಿಸಬೇಕು. ಊಟದ ಪೊಟ್ಟಣವನ್ನು ಕೈಗಿತ್ತು ಮುಂದೆ ಹೋಗಿದ್ದರೆ ಸ್ನಾನದ ಮಾತು ಹೊರಡುತ್ತಿರಲಿಲ್ಲ. ಜತೆಯಲ್ಲಿ ಕುಳಿತು ಉಣ್ಣೋಣ ಬಾ ಎಂದದ್ದರಿಂದ ಹೊರಟಿತು. ಸ್ನೇಹವೆಂಬುದು ನೆರವಿನ ಮೇಲೆ ಉದುರಿಸುವ ಸಕ್ಕರೆಯಲ್ಲ. ಯಾವ ನೆರವು ಬೇಕೆಂದು ನಮಗೆ ತಿಳಿಸಿಕೊಡುವ ಕಣ್ಣೇ ಅದು.

ಇದು ದೂರದ ರೋಮಿನ ಮಾತಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಇಂಥದೇ ಕೆಲಸವನ್ನು ಸದ್ದಿಲ್ಲದೆ ಮಾಡುವವರಿದ್ದಾರೆ. ನನಗೆ ಪರಿಚಿತವಾದ ಒಂದು ಗುಂಪು ಏಳೆಂಟು ಮಂದಿಯದು. ಒಂದೇ ಚರ್ಚಿಗೆ ಸೇರಿದವರು, ಬಹುಪಾಲು ಗುಮಾಸ್ತರು, ಶಿಕ್ಷಕಿಯರು. ವಾರಕ್ಕೊಂದು ಸಂಜೆ ಅವರು ರೈಲು ನಿಲ್ದಾಣದ ಸುತ್ತಿನ ಬೀದಿಗಳಿಗೆ ಹೋಗುತ್ತಾರೆ. ಒಂದು ವರ್ಷದ ಕಾಲ ನಾನೂ ಅವರೊಡನೆ ಹೋಗುತ್ತಿದ್ದೆ. ಕಾಲುದಾರಿಯ ಸೇತುವೆಯ ಕೆಳಗೆ ಒಬ್ಬ ವೃದ್ಧರಿದ್ದರು. ಬಯಲುಸೀಮೆಯವರು, ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲಿಯೇ ಉಳಿದವರು. ಮೂರು ಅಂಗಿಗಳನ್ನು ಒಂದರ ಮೇಲೊಂದು ತೊಟ್ಟಿರುತ್ತಿದ್ದರು, ಬಿಚ್ಚಿಡಲು ಜಾಗವಿಲ್ಲದ್ದರಿಂದ. ಮೊದಲು ತಲೆಯೆತ್ತದೆ ಊಟವನ್ನು ತೆಗೆದುಕೊಳ್ಳುತ್ತಿದ್ದರು. ಕೆಲವು ವಾರಗಳಾದ ಮೇಲೆ ಮಳೆಯ ಮಾತು, ಬೆಳೆಯ ಮಾತು ಆಡತೊಡಗಿದರು. ಐದು ತಿಂಗಳಾದ ಮೇಲೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಟ್ಟನ್ನು ಗುಂಪಿನ ಶಿಕ್ಷಕಿಯೊಬ್ಬರ ಕೈಗಿತ್ತು ಜೋಪಾನವಾಗಿಡಲು ಹೇಳಿದರು. ಅದರಲ್ಲಿ ಅವರ ಮತದಾರರ ಚೀಟಿ, ಆಸ್ಪತ್ರೆಯ ಹಳೆಯ ಕಾಗದಗಳು ಇದ್ದವು. ಅನ್ನವನ್ನು ಯಾರ ಕೈಯಿಂದಲಾದರೂ ತೆಗೆದುಕೊಳ್ಳಬಹುದು. ಕಾಗದಗಳನ್ನು ನಂಬಿದವರ ಕೈಗಲ್ಲದೆ ಕೊಡಲಾಗದು.

ಒಂದು ವಾರ ಅವರು ಕಾಣಲಿಲ್ಲ. ಗುಂಪಿನವರು ಅಕ್ಕಪಕ್ಕದ ಅಂಗಡಿಯವರನ್ನು, ಆಟೋ ಚಾಲಕರನ್ನು ವಿಚಾರಿಸಿದರು. ಬಳಿಕ ಆಸ್ಪತ್ರೆಗಳನ್ನು ಹುಡುಕಿದರು. ಎರಡನೆಯ ದಿನ ಒಂದು ವಾರ್ಡಿನಲ್ಲಿ ಸಿಕ್ಕಿದರು. ಹಾಸಿಗೆಯ ತಲೆದೆಸೆಯ ಚೀಟಿಯಲ್ಲಿ ‘ಅಪರಿಚಿತ ಗಂಡಸು’ ಎಂದು ಬರೆದಿತ್ತು. ಶಿಕ್ಷಕಿ ಕಾಗದದ ಕಟ್ಟನ್ನು ತೋರಿಸಿದರು. ದಾದಿ ಆ ಎರಡು ಮಾತುಗಳನ್ನು ಹೊಡೆದುಹಾಕಿ ಹೆಸರನ್ನೂ ಊರನ್ನೂ ಬರೆದಳು. ಮೂರನೆಯ ದಿನ ಆ ವೃದ್ಧರು ತೀರಿಕೊಂಡರು. ಗುಂಪಿನವರ ಸ್ನೇಹ ಅವರಿಗೆ ಮನೆಯನ್ನು ಕೊಡಲಿಲ್ಲ, ಆಯುಷ್ಯವನ್ನೂ ಕೊಡಲಿಲ್ಲ. ಆದರೆ ಅವರು ಅಪರಿಚಿತರಾಗಿ ಸಾಯಲಿಲ್ಲ. ಇದು ಸಣ್ಣ ಸಂಗತಿಯೆಂದು ಅನ್ನಿಸುವವರು ತಮ್ಮ ತಂದೆಯನ್ನು ಆ ಹಾಸಿಗೆಯಲ್ಲಿ ನೆನೆದುಕೊಳ್ಳಬೇಕು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಧರ್ಮದ ಹೆಸರಿನಲ್ಲಿ ಬೀದಿಗೆ ಬರುವವರು ತಟ್ಟೆಯ ಹಿಂದೆ ಮತ್ತೇನನ್ನಾದರೂ ಬಚ್ಚಿಟ್ಟುಕೊಂಡು ಬರುತ್ತಾರೆಯೇ? ಈ ಪ್ರಶ್ನೆಯನ್ನು ಮುಚ್ಚಿಡಬಾರದು. ಹಸಿದವನ ಹಸಿವನ್ನು ಗಾಳವಾಗಿ ಬಳಸುವವನು ಗೆಳೆಯನಲ್ಲ, ಬೆಸ್ತ. ಈ ಮಾತಿಗೆ ಆಧಾರ ಕ್ರೈಸ್ತ ಗ್ರಂಥದಲ್ಲಿಯೇ ಇದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಹಸಿದವನಿಗೆ ಉಣಿಸಿದವರನ್ನು, ಪರದೇಶಿಯನ್ನು ಒಳಗೆ ಕರೆದುಕೊಂಡವರನ್ನು ಅರಸನು ಅಲ್ಲಿ ಮೆಚ್ಚುತ್ತಾನೆ. ಆಶ್ಚರ್ಯವೆಂದರೆ, ತಾವು ಸೇವೆ ಮಾಡಿದ್ದು ಅರಸನಿಗೆ ಎಂಬುದು ಆ ಸಜ್ಜನರಿಗೆ ಗೊತ್ತೇ ಇರಲಿಲ್ಲ. ಅವರು ಕಂಡದ್ದು ಒಬ್ಬ ಹಸಿದವನನ್ನು. ಉಣಿಸಿದ್ದು ಅವನ ಹಸಿವಿಗಾಗಿ. ಲೆಕ್ಕವಿಟ್ಟು ಮಾಡಿದ ಸೇವೆಗೆ ಆ ಚಿತ್ರದಲ್ಲಿ ಎಡೆಯಿಲ್ಲ. ಬೀದಿಯ ಗೆಳೆಯನು ನಿನ್ನನ್ನು ಇಲ್ಲಿಗೆ ಕರೆತಂದದ್ದು ಯಾವುದೆಂದು ಕೇಳಿದರೆ ಹೇಳಬಹುದು. ಕೇಳದವನಿಗೆ ಉಪದೇಶವನ್ನು ಊಟದ ಬೆಲೆಯಾಗಿ ಹೇರುವಂತಿಲ್ಲ. ನಮ್ಮ ಕನ್ನಡದಲ್ಲಿ ದಾನ, ದಾಸೋಹ ಎಂಬ ಎರಡು ಮಾತುಗಳಿವೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಶರಣರ ನಾಡಿನವರಿಗೆ ಈ ಅಂತರವನ್ನು ಹೊರಗಿನವರು ಬಂದು ವಿವರಿಸಬೇಕಾಗಿಲ್ಲ.

ಮತ್ತೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಾರಕ್ಕೊಂದು ಸಂಜೆಯ ಸ್ನೇಹದಿಂದ 17 ಲಕ್ಷ ಮಂದಿಗೆ ಸೂರಾದೀತೇ? ಆಗದು. ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ಹಗಲಿರುಳೂ ತೆರೆದಿರುವ ಆಶ್ರಯಧಾಮಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಆದೇಶಿಸಿತು. ಈ ಕೆಲಸವನ್ನು ಸರ್ಕಾರವೇ ಮಾಡಬೇಕು. ಅದನ್ನು ಕೇಳುವುದೂ ಸ್ನೇಹದ ಭಾಗವೇ. ಆದರೆ ಸರ್ಕಾರದ ಬಾಗಿಲು ತೆರೆದಿದ್ದರೂ ಅಲ್ಲಿಗೆ ಕೈಹಿಡಿದು ನಡೆಸುವವರು ಬೇಕು. ಮನೆಯಿಲ್ಲದವನೂ ಮತದಾರನಾಗಬಹುದು, ಅವನು ಮಲಗುವ ಜಾಗಕ್ಕೆ ಮತಗಟ್ಟೆಯ ಅಧಿಕಾರಿ ರಾತ್ರಿ ಬಂದು ನೋಡಿ ಖಚಿತಪಡಿಸಿಕೊಂಡರೆ ವಾಸಸ್ಥಳಕ್ಕೆ ಬೇರೆ ಕಾಗದ ಬೇಕಿಲ್ಲ ಎಂದು ಚುನಾವಣಾ ಆಯೋಗದ ನಿಯಮವೇ ಹೇಳುತ್ತದೆ. ಈ ನಿಯಮ ಸೇತುವೆಯ ಕೆಳಗೆ ಮಲಗಿದವನಿಗೆ ತಿಳಿಯುವುದು ಹೇಗೆ? ತಿಳಿದ ಗೆಳೆಯನೊಬ್ಬನಿದ್ದರೆ.

ನ್ಯೂಯಾರ್ಕಿನಲ್ಲಿ 1933ರಲ್ಲಿ ಡೊರೊಥಿ ಡೇ ಎಂಬಾಕೆ ಪೀಟರ್ ಮೋರಿನ್ ಎಂಬ ಅಲೆಮಾರಿ ಚಿಂತಕನೊಡನೆ ಕೂಡಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಬಹುಬೇಗ ಅದಕ್ಕೆ ಅಂಟಿಕೊಂಡು ನಿರ್ಗತಿಕರ ಆತಿಥ್ಯಗೃಹವೂ ಹುಟ್ಟಿತು. ಆಕೆ 1970ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಪ್ರತಿಯೊಂದು ಕ್ರೈಸ್ತ ಮನೆಯಲ್ಲಿಯೂ ಪರದೇಶಿಗಾಗಿ ಒಂದು ಕೋಣೆ ಇರಬೇಕೆಂಬುದು ಮೋರಿನ್‌ನ ಆಸೆಯಾಗಿತ್ತು. ನಮ್ಮಲ್ಲಿ ಅನೇಕರಿಗೆ ಕೋಣೆಯನ್ನು ಕೊಡುವ ಶಕ್ತಿಯಿರಲಾರದು. ಆದರೆ ದಿನವೂ ಹಾದುಹೋಗುವ ದಾರಿಯಲ್ಲಿ ಮಲಗಿದವರ ಹೆಸರನ್ನು ಕೇಳಲು, ನಮ್ಮ ಹೆಸರನ್ನು ಮೊದಲು ಹೇಳಿ ಕೇಳಲು, ಕೋಣೆ ಬೇಕಿಲ್ಲ. ಕೇಳಿದ ಹೆಸರನ್ನು ಮರೆಯದೆ ಮರುದಿನ ಅದೇ ಹೆಸರಿನಿಂದ ಕರೆಯಬೇಕು. ಅವರು ಉತ್ತರಿಸದಿದ್ದರೆ ಬೇಸರಪಡದೆ ಮತ್ತೆ ಹೋಗಬೇಕು. ಕಷ್ಟವಾದದ್ದು ಮೊದಲ ದಿನ ಹೋಗುವುದಲ್ಲ, ಹತ್ತನೆಯ ವಾರ ಹೋಗುವುದು. ಆ ಹತ್ತನೆಯ ವಾರದಲ್ಲಿಯೇ ಕರುಣೆ ಗೆಳೆತನವಾಗಿ ಮಾರ್ಪಡುತ್ತದೆ.