22 ಹೋಗಿ 11 ಆಗುವ ಬಗೆ



ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಚಿತ್ತಾಪುರ ದಾಟಿ ಸೇಡಂ ಕಡೆಗೆ ಹೊರಟರೆ, ನವೆಂಬರಿನ ಹೊತ್ತಿಗೆ ಕಿಟಕಿಯಾಚೆ ತೊಗರಿಯ ಹಳದಿ ಹೂ ಕಾಣುತ್ತದೆ. ಆ ಗಿಡದ ಬೇರು, ಕಾಂಡ, ಎಲೆ ಎಲ್ಲಿಂದ ಒಂದು ಜೀವಕೋಶ ತೆಗೆದರೂ ಅದರಲ್ಲಿರುವುದು 22 ವರ್ಣತಂತುಗಳು. ಪರಾಗದಲ್ಲಿ ಹುಟ್ಟುವ ಗಂಡು ಕೋಶದಲ್ಲಿ ಮಾತ್ರ 11, ಅಂಡದಲ್ಲೂ 11. ಎರಡೂ ಕೂಡಿ ಕಾಳು ಕಟ್ಟುವಾಗ ಮೊಳಕೆಗೆ ಮತ್ತೆ 22. ಹೀಗೆ ಅರ್ಧವಾಗದಿದ್ದರೆ? ಮುಂದಿನ ಪೀಳಿಗೆಗೆ 44, ಅದರ ಮುಂದಿನದಕ್ಕೆ 88, ಹತ್ತನೆಯದಕ್ಕೆ 22,528!

ಅರ್ಧ ಮಾಡುವ ಕೆಲಸ ಮಿಯಾಸಿಸ್‌ನದು. ಇದರಲ್ಲಿ ಕೋಶ ಎರಡು ಸಲ ಒಡೆಯುತ್ತದೆ. "ಹಾಗಾದರೆ ಕಾಲು ಭಾಗ ಆಗಬೇಕಲ್ಲ ಸರ್?" ಎಂದು ಚಿಂಚೋಳಿ ಕಡೆಯ ಹುಡುಗನೊಬ್ಬ ಪತ್ರ ಬರೆದಿದ್ದ. ಒಳ್ಳೆಯ ಪ್ರಶ್ನೆ. ವಿಭಜನೆಗೆ ಮೊದಲೇ ಪ್ರತಿ ವರ್ಣತಂತು ತನ್ನ ನಕಲು ಮಾಡಿಕೊಂಡು ಎರಡೆಳೆಯಾಗಿರುತ್ತದೆ. ಅಂಡದಿಂದ ಬಂದದ್ದು, ಪರಾಗದಿಂದ ಬಂದದ್ದು ಜೋಡಿಯಾಗಿ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಮೊದಲನೆಯ ವಿಭಜನೆಯಲ್ಲಿ ಈ ಜೋಡಿಗಳು ಬೇರೆಯಾಗಿ 22 ಇದ್ದದ್ದು 11 ಆಗುತ್ತದೆ. ಎರಡನೆಯದರಲ್ಲಿ ಎಳೆಗಳಷ್ಟೇ ಬೇರೆಯಾಗುತ್ತವೆ. ಸಂಖ್ಯೆ 11 ಆಗಿಯೇ ಉಳಿಯುತ್ತದೆ. ಸ್ಟುಡಿಯೋದಲ್ಲಿ ಇದನ್ನು ಉಣ್ಣೆಯ ದಾರ ಹಿಡಿದು ತೋರಿಸಿದೆವು. ನೀವೂ ಮಾಡಿ ನೋಡಿ, ಪುಸ್ತಕದ ಚಿತ್ರಕ್ಕಿಂತ ಬೇಗ ತಿಳಿಯುತ್ತದೆ.

ಮನುಷ್ಯರಲ್ಲಿ 46 ಹೋಗಿ 23 ಆಗುತ್ತದೆ. ಆದರೆ ಕೆಲವೊಮ್ಮೆ 21ನೆಯ ಜೋಡಿ ಬೇರೆಯಾಗದೆ ಎರಡೂ ಒಂದೇ ಅಂಡಕ್ಕೆ ಹೋಗುತ್ತವೆ. ಆಗ ಮಗುವಿನ ಕೋಶಗಳಲ್ಲಿ 47. ಇದೇ ಡೌನ್ ಸಿಂಡ್ರೋಮ್. ಈ ಹೆಚ್ಚುವರಿ ವರ್ಣತಂತುವಿನ ವಿಷಯ 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಿಂದ ಪ್ರಕಟವಾಯಿತು. ಇಂಥ ಮಗು ಹುಟ್ಟಿದರೆ, ಬಸುರಿಯಿದ್ದಾಗ ಗ್ರಹಣದ ಹೊತ್ತಿಗೆ ಹೊರಗೆ ಬಂದಳು ಎಂದು ತಾಯಿಯನ್ನೇ ದೂರುವುದನ್ನು ನಾನು ಕೇಳಿದ್ದೇನೆ. ನೀವೂ ಕೇಳಿರಬಹುದು. ಮನೆಯಲ್ಲಿ ಹಿರಿಯರಿಗೆ ಹೀಗೆ ಹೇಳಿ: ಹೆಣ್ಣಿನ ಅಂಡಗಳಲ್ಲಿ ಮಿಯಾಸಿಸ್ ಶುರುವಾಗುವುದು ಆಕೆ ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗ. ಅದು ನಡುವೆಯೇ ನಿಂತು, ವರ್ಷಾನುಗಟ್ಟಲೆ ಕಾದು, ಅಂಡ ಹೊರಬೀಳುವ ಹೊತ್ತಿಗೆ ಮುಂದುವರಿಯುತ್ತದೆ. ಎಣಿಕೆ ತಪ್ಪುವುದು ಹೆಚ್ಚಾಗಿ ಅಲ್ಲಿ, ಕೆಲವೊಮ್ಮೆ ತಂದೆಯ ವೀರ್ಯಾಣುವಿನಲ್ಲಿ. ಅಂದರೆ ಬಹುಪಾಲು ಗರ್ಭ ನಿಲ್ಲುವ ಮೊದಲೇ ಅದು ಆಗಿಹೋಗಿರುತ್ತದೆ. ತಾಯಿಯ ವಯಸ್ಸು 35 ದಾಟಿದ ಮೇಲೆ ಇದರ ಸಾಧ್ಯತೆ ಹೆಚ್ಚು. ಇಪ್ಪತ್ತರ ತಾಯಂದಿರಿಗೂ ಆಗುವುದುಂಟು.