ದಂತವೈದ್ಯ ವಿದ್ಯಾರ್ಥಿಗಳು ಮತ್ತು ಆರ್ಥೊಡಾಂಟಿಕ್ಸ್ ಆಯ್ಕೆ

ಜನರ ಮಾತಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸುವುದೆಂದು ಹೆಸರಾಗಿರುವ ಚಿಕಿತ್ಸೆಯ ಶಾಸ್ತ್ರವೇ ಆರ್ಥೊಡಾಂಟಿಕ್ಸ್. ಸೊಟ್ಟ ಹಲ್ಲುಗಳನ್ನೂ ಹೊಂದಿಕೆಯಿಲ್ಲದ ದವಡೆಗಳನ್ನೂ ತಕ್ಕ ನೆಲೆಗೆ ತರುವುದು ಅದರ ಕೆಲಸ. ಭಾರತದ ಎಂಡಿಎಸ್ ಎಂಬ ಸ್ನಾತಕೋತ್ತರ ದಂತವೈದ್ಯ ವ್ಯಾಸಂಗದ ಒಂಬತ್ತು ವಿಭಾಗಗಳಲ್ಲಿ ಹೆಚ್ಚು ಬೇಡಿಕೆಯುಳ್ಳವುಗಳ ಸಾಲಿಗೆ ಇದು ಸೇರಿದೆಯಾದರೂ, ಈ ಮನ್ನಣೆ ಮೊದಲಿನಿಂದ ಇದ್ದುದಲ್ಲ.

ಫ್ರಾನ್ಸಿನ ಪಿಯೆರ್ ಫೊಶಾರ್ 1728ರಲ್ಲಿಯೇ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಬಿಗಿದು ಸಾಲಿಗೆ ತರುವ ವಿಧಾನವನ್ನು ವಿವರಿಸಿದ್ದರು. ಆದರೂ ಮುಂದಿನ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಇದು ಸಾಮಾನ್ಯ ದಂತವೈದ್ಯರ ಹಲವು ಕೆಲಸಗಳಲ್ಲಿ ಒಂದಾಗಿಯೇ ಉಳಿಯಿತು. ಅದನ್ನು ಪ್ರತ್ಯೇಕ ವೃತ್ತಿಯಾಗಿಸಿದವರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲ್ ಪ್ರಮುಖರು. ಮೇಲ್ದವಡೆಯ ಮೊದಲ ದವಡೆಹಲ್ಲನ್ನು ಆಧಾರವಾಗಿಟ್ಟು ಕಚ್ಚುವಿಕೆಯ ದೋಷಗಳನ್ನು 1899ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿದ ಅವರು, ದಂತವೈದ್ಯ ಕಾಲೇಜುಗಳಲ್ಲಿ ಈ ವಿಷಯಕ್ಕೆ ಸಾಕಷ್ಟು ಸ್ಥಾನ ದೊರೆಯದೆಂದು ಮನಗಂಡು, ಮರುವರ್ಷವೇ ಸೇಂಟ್ ಲೂಯಿಸ್ ನಗರದಲ್ಲಿ ಸ್ವಂತ ಶಾಲೆಯನ್ನು ತೆರೆದರು. ಕಾಲೇಜುಗಳು ಕಡೆಗಣಿಸಿದ ವಿಷಯವೇ ಮುಂದೆ ಅದೇ ಕಾಲೇಜುಗಳಲ್ಲಿ ಪೈಪೋಟಿಯ ಸೀಟಾದದ್ದು ಸೋಜಿಗವೇ ಸರಿ. 1929ರಲ್ಲಿ ಅಮೆರಿಕದಲ್ಲಿ ಇದರ ತಜ್ಞರ ಮಂಡಳಿ ಸ್ಥಾಪನೆಯಾಯಿತು. ಭಾರತದಲ್ಲಿ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ 1965ರಲ್ಲಿ ಹುಟ್ಟಿತು.

ವಿದ್ಯಾರ್ಥಿಗಳ ಒಲವಿಗೆ ಕಾರಣಗಳು ಕಣ್ಣಿಗೆ ಕಾಣುವಂಥವೇ: ರಕ್ತಸ್ರಾವ ಕಡಿಮೆ, ನಡುರಾತ್ರಿಯ ತುರ್ತು ಕರೆ ಅಪರೂಪ, ವರಮಾನವೂ ಗೌರವವೂ ಹೆಚ್ಚೆಂಬ ನಂಬಿಕೆ ಬಲವಾಗಿದೆ. ಬಿಡಿಎಸ್ ಎಂಬ ಮೊದಲ ಪದವಿಯಲ್ಲಿ ಅವರ ಕೈಗೆ ಸಿಗುವುದಾದರೋ ಬಹುಮಟ್ಟಿಗೆ ತಂತಿ ಬಾಗಿಸುವ ಅಭ್ಯಾಸ. ಉಪಕರಣವನ್ನು ಹಲ್ಲಿಗೆ ಹಿಡಿದಿಡುವ ಆಡಮ್ಸ್ ಕ್ಲಾಸ್ಪ್, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಹಾಲಿ (Hawley) ಪ್ಲೇಟು ಇವುಗಳನ್ನು ಮಾಡಲು ಕಲಿಯುತ್ತಾರೆ. ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್‌ಗಳ ಮೂಲಕ ತಂತಿ ಹಾಯಿಸುವ ಸ್ಥಿರ ಉಪಕರಣಗಳ ನಿಜವಾದ ತರಬೇತಿ ಎಂಡಿಎಸ್‌ಗೆ ಮೀಸಲು. ತಂತಿಯ ಒತ್ತಡ ಬಿದ್ದ ಕಡೆ ಮೂಳೆ ಕರಗಿ, ಎಳೆತದ ಕಡೆ ಹೊಸ ಮೂಳೆ ಬೆಳೆಯುತ್ತ ಹಲ್ಲು ನಿಧಾನವಾಗಿ ಸರಿಯುವುದರಿಂದ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಎಳೆಯುತ್ತದೆ. ಕೆಲವು ವಾರಗಳ ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿಗೆ ಅದರ ತುದಿಮೊದಲು ಕಾಣುವುದಿಲ್ಲ. ಕಡೆಗೆ ನೀಟ್ ಎಂಡಿಎಸ್ ಪ್ರವೇಶ ಪರೀಕ್ಷೆಯ ರ್‍ಯಾಂಕ್ ಮತ್ತು ಶುಲ್ಕಗಳೇ ಆಯ್ಕೆಯನ್ನು ಬಹಳಷ್ಟು ತೀರ್ಮಾನಿಸುತ್ತವೆ.

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಬಳಕೆಗೆ ಬಂದ, ಕಂಪ್ಯೂಟರ್ ನೆರವಿನಿಂದ ತಯಾರಾಗುವ ಪಾರದರ್ಶಕ ಅಲೈನರ್‌ಗಳನ್ನು ಈಗ ಸಾಮಾನ್ಯ ದಂತವೈದ್ಯರೂ ಬಳಸುತ್ತಿರುವುದರಿಂದ, ಪರಿಣತನ ಏಕಸ್ವಾಮ್ಯವನ್ನು ನಂಬಿ ಈ ವಿಭಾಗ ಸೇರುವವರು ಮತ್ತೊಮ್ಮೆ ಯೋಚಿಸಬೇಕು. ಕಾಲೇಜುಗಳೂ ಮೂರನೆಯ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಗೆ ಒಬ್ಬ ರೋಗಿಯ ಚಿಕಿತ್ಸೆಯನ್ನು ಆರಂಭದಿಂದ ಕೊನೆಯವರೆಗೆ ಗಮನಿಸುವ ಅವಕಾಶ ಕಲ್ಪಿಸಬೇಕು.