ನಾಳೆ ಬಾ ಅನ್ನಿಸಿಕೊಳ್ಳೋಕೆ ನಾವು ದೆವ್ವಗಳಲ್ಲ

(ವಿಜಯನಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹಿಂದೆ ನಮ್ಮ ಕಡೆ ದೆವ್ವ ಒಳಗೆ ಬರದಿರಲಿ ಅಂತ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವ ಅದನ್ನು ಓದಿಕೊಂಡು ವಾಪಸ್ಸು ಹೋಗುತ್ತಿತ್ತಂತೆ. ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. ಪಾಪ, ದೆವ್ವಕ್ಕೆ ಅಕ್ಷರ ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ. ಬಿ.ಎ. ಓದುವಾಗ ವಿದ್ಯಾರ್ಥಿವೇತನ ಕೇಳಲು ಹೋದ ನಮಗೂ ಒಂದು ಕಚೇರಿಯ ಕಿಟಕಿಯಲ್ಲಿ ಸಿಕ್ಕಿದ್ದು ಅದೇ ಮಾತು. ಬಾಗಿಲ ಮೇಲೆ ಬರೆದಿರಲಿಲ್ಲ, ಬಾಯಲ್ಲಿ ಹೇಳಿದರು. ವ್ಯತ್ಯಾಸ ಅಷ್ಟೆ.

ನಮ್ಮ ಜೊತೆ ಒಬ್ಬ ಗೆಳೆಯನಿದ್ದ. ಅವರವ್ವ ಮಾಗಡಿ ರಸ್ತೆ ಪಕ್ಕದ ಗಲ್ಲಿಯಲ್ಲಿ ಊದುಬತ್ತಿ ಹೊಸೆಯೋರು. ಎರಡನೇ ವರ್ಷದಲ್ಲಿ ಅವನ ವಿದ್ಯಾರ್ಥಿವೇತನ ಬರಲಿಲ್ಲ. 'ಮೊದಲು ಫೀಸು ಕಟ್ಟು, ಆಮೇಲೆ ಬಂದಾಗ ತಗೋ' ಎಂದರು ಕಾಲೇಜಿನವರು. ಅವ್ವನ ಕೈಯಲ್ಲಿ ಊದುಬತ್ತಿಯ ಕರಿ ಇತ್ತೇ ಹೊರತು ಫೀಸಿನ ದುಡ್ಡಿರಲಿಲ್ಲ. ಒಂದು ಸೋಮವಾರ ಅವನು ಕ್ಲಾಸಿಗೆ ಬರಲಿಲ್ಲ. ಮತ್ತೆ ಬರಲೇ ಇಲ್ಲ. ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಗೆ ಸೇರಿಕೊಂಡ. ಎಂಟು ತಿಂಗಳಾದ ಮೇಲೆ ಫೋನ್ ಮಾಡಿದ. 'ಲೋ, ದುಡ್ಡು ಬಂತು ಕಣ್ರೋ. ಈಗ ಏನ್ ಮಾಡ್ಲಿ ಇದನ್ನ?'

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಅವನು ಕಾಲೇಜು ಬಿಟ್ಟಾಗ ನಾವು ಯಾಕೆ ಅಂತ ಕೇಳಲಿಲ್ಲ. ಯಾಕಂದ್ರೆ ನಮ್ಮದೂ ಬಂದಿರಲಿಲ್ಲ, ಅದನ್ನ ಹೇಳಿಕೊಳ್ಳೋಕೆ ನಾಚಿಕೆ. ಒಂದೇ ಕೆಂಗೇರಿ ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು, ಒಂದೇ ಕಚೇರಿಗೆ ಬೇರೆ ಬೇರೆ ದಿನ ಗುಟ್ಟಾಗಿ ಹೋಗಿ ಬರುತ್ತಿದ್ದೆವು. 'ನಿನ್ನ ಅರ್ಜಿಯಲ್ಲೇ ಏನೋ ತಪ್ಪಿರಬೇಕು' ಎಂದರೆ ನಂಬುತ್ತಿದ್ದೆವು. ತಪ್ಪು ನಮ್ಮದೇ ಅಂತ ನಂಬೋದನ್ನ ನಮಗೆ ಹುಟ್ಟಿದಾಗಿನಿಂದ ಕಲಿಸಿದ್ದಾರಲ್ಲ.

ಅವನ ಫೋನ್ ಬಂದ ವಾರ ನಾವು ಏಳು ಜನ ಜ್ಞಾನಭಾರತಿಯಲ್ಲಿ ಒಂದು ಮರದ ಕೆಳಗೆ ಟವಲ್ ಹಾಸಿ, ನಮ್ಮ ನಮ್ಮ ಕಾಗದಗಳನ್ನು ಹರಡಿಕೊಂಡು ಕೂತೆವು. ಇಬ್ಬರ ದುಡ್ಡು ಬಂದೇ ಬಿಟ್ಟಿತ್ತು! ಆದರೆ ಊರಿನಲ್ಲಿ ಹೈಸ್ಕೂಲು ಓದುವಾಗ ತೆಗೆದಿದ್ದ ಹಳೇ ಖಾತೆಗೆ ಹೋಗಿತ್ತು, ಆಧಾರ್ ಅಲ್ಲಿಗೇ ಜೋಡಣೆಯಾಗಿತ್ತು. ದುಡ್ಡು ಮಾಗಡಿ ತಾಲೂಕಿನ ಬ್ಯಾಂಕಿನಲ್ಲಿ ಮಲಗಿತ್ತು, ಅವನು ಇಲ್ಲಿ ಬಸ್ಸಿನ ದುಡ್ಡಿಗೆ ಸಾಲ ಮಾಡುತ್ತಿದ್ದ. ಒಬ್ಬನ ಇನಿಷಿಯಲ್ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ, ಆಧಾರಿನಲ್ಲಿ ಹಿಂದೆ. ಮೂವರ ಅರ್ಜಿಯನ್ನು ಕಾಲೇಜಿನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳಿಸಿಯೇ ಇರಲಿಲ್ಲ. ಏಳನೆಯವಳದು ಎಲ್ಲವೂ ಸರಿ, ಮಂಜೂರೂ ಆಗಿತ್ತು, ದುಡ್ಡು ಮಾತ್ರ ಇಲ್ಲ.

ಕಿಟಕಿಯಲ್ಲಿ ಏಳು ಜನಕ್ಕೂ ಸಿಕ್ಕ ಉತ್ತರ ಒಂದೇ. ಟವಲ್ ಮೇಲೆ ಸಿಕ್ಕ ಕಾರಣ ನಾಲ್ಕು. ಗೆಳೆಯರೇ, ತಡ ಅನ್ನೋದು ಗಾಳಿಯಲ್ಲಿ ತೇಲಾಡೋ ವಸ್ತುವಲ್ಲ. ಅದು ಯಾವುದೋ ಒಂದು ಮೇಜಿನ ಮೇಲೆ ಕೂತಿರುತ್ತದೆ. ಅದು ಯಾವ ಮೇಜು ಅಂತ ಕಂಡುಹಿಡಿಯೋದೇ ನಮ್ಮ ಮೊದಲ ಕೆಲಸ.

ಇಷ್ಟು ಹೇಳಿದರೂ ನಮ್ಮಲ್ಲಿ ಕೆಲವರು, 'ಸರ್ಕಾರ ಕೊಡೋದು, ಕೊಟ್ಟಾಗ ತಗೊಳ್ಳೋಣ, ಜಗಳ ಯಾಕೆ' ಅಂತಾರೆ. ಅವರು ಈ ದುಡ್ಡಿನ ಹುಟ್ಟನ್ನು ತಿಳಿಯಬೇಕು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದುತ್ತಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ನಿಲ್ಲಿಸಿ ವಾಪಸ್ಸು ಬಂದರು. ದುಡಿದು ಉಳಿಸಿ, ಶಾಹು ಮಹಾರಾಜರ ನೆರವು ಪಡೆದು, ಸಾಲವನ್ನೂ ಮಾಡಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. ಅದೇ ಮನುಷ್ಯ 1942ರಲ್ಲಿ ವೈಸರಾಯ್ ಮಂಡಲಿಯಲ್ಲಿ ಕೂತು ನಮ್ಮ ಮಕ್ಕಳ ಮೇಲಿನ ಓದಿಗೆ ಹಣ ತೆಗೆದಿಡಿ ಎಂದು ಲಿಖಿತವಾಗಿ ಕೇಳಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯಿತು. ದುಡ್ಡಿಲ್ಲದೆ ಓದು ನಿಲ್ಲೋದು ಏನು ಅಂತ ಉಂಡು ತಿಳಿದವರು ತಂದ ಹಕ್ಕು ಇದು. ಭಿಕ್ಷೆಯಾಗಿದ್ದರೆ ಕಾಯಬಹುದಿತ್ತು.

ಈಗ ಈ ದುಡ್ಡು ನಡೆದು ಬರುವ ದಾರಿ ನೋಡೋಣ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪರಿಶಿಷ್ಟ ಜಾತಿಯ ಈ ಯೋಜನೆಗೆ ಐದು ವರ್ಷಕ್ಕೆ 59,048 ಕೋಟಿ ರೂಪಾಯಿ ಒಪ್ಪಿತು. ನೂರರಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ರಾಜ್ಯ ತನ್ನ ಪಾಲು ಕೊಟ್ಟ ಮೇಲೆ ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಬರಬೇಕು ಅನ್ನೋದು ನಿಯಮ. ಅಂದರೆ ಎರಡು ಕಂತು, ಎರಡು ಕಡೆ ತಡ. ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿದ ಮೇಲೆ ಕಾಲೇಜಿನ ಪರಿಶೀಲನೆ, ಇಲಾಖೆಯ ಮಂಜೂರಾತಿ, ಖಜಾನೆ, ಕೊನೆಗೆ ಆಧಾರ್ ಜೋಡಣೆಯಾದ ಬ್ಯಾಂಕು. ಐದು ಮೆಟ್ಟಿಲು. ನಿಮ್ಮ ಅರ್ಜಿ ಎಷ್ಟನೇ ಮೆಟ್ಟಿಲಲ್ಲಿ ಕಾಲು ಮುರಿದುಕೊಂಡಿದೆ ಅಂತ ಇವತ್ತು ರಾತ್ರಿಯೇ ನೋಡಿ.

ನೋಡಿದ ಮೇಲೆ ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ. ಬಾಯಿಮಾತಿಗೆ ಬಾಯಿಮಾತೇ ಉತ್ತರ. ಕಾಗದಕ್ಕೆ ತಾರೀಖಿರುತ್ತದೆ. ಮನವಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕದಲಬೇಡಿ. ನಾವು ಏಳು ಸಹಿ ಹಾಕಿ ಒಂದೇ ಮನವಿ ಕೊಟ್ಟೆವು. ತಿಂಗಳುಗಟ್ಟಲೆ ಕೂತಿದ್ದ ಆ ಮೂರು ಅರ್ಜಿಗಳು ಒಂಬತ್ತನೇ ದಿನಕ್ಕೆ ಮುಂದಕ್ಕೆ ಹೋದವು.

ಅದಕ್ಕೂ ಬಗ್ಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಡತನದ ರೇಖೆಯ ಕೆಳಗಿನವರು ಪುರಾವೆ ಇಟ್ಟರೆ ಅದೂ ಬೇಡ. ಕರ್ನಾಟಕದ ನಿಯಮದ ಪ್ರಕಾರ ಒಂದೇ ವಿಷಯ, 150 ಪದದೊಳಗೆ. ಕವಿತೆ ಬರೆಯಬೇಡಿ, ಅದು ನಮ್ಮಂಥವರ ಚಟ! ಮೂರೇ ಪ್ರಶ್ನೆ ಕೇಳಿ: ನನ್ನ ಅರ್ಜಿ ನಿಮಗೆ ಯಾವ ತಾರೀಖು ತಲುಪಿತು? ಯಾವ ತಾರೀಖು ಮುಂದಕ್ಕೆ ಹೋಯಿತು? ಈಗ ಯಾವ ಅಧಿಕಾರಿಯ ಬಳಿ ಇದೆ? ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ.

ಇನ್ನೊಂದು ಮಾತು ಹೇಳದೆ ಕೂರಲಾರೆವು. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರೋಹಿತ್ ವೇಮುಲ 2016ರ ಜನವರಿ 17ರಂದು ನಮ್ಮನ್ನು ಬಿಟ್ಟು ಹೋದ. ಅವನ ಸಾವಿನ ಕಾರಣ ದುಡ್ಡೊಂದೇ ಅಲ್ಲ, ಅದು ನಮಗೆ ಗೊತ್ತು. ಆದರೆ ಅವನ ಕೊನೆಯ ಕಾಗದದಲ್ಲೂ ಏಳು ತಿಂಗಳ ಫೆಲೋಶಿಪ್ಪಿನ ಬಾಕಿಯ ಲೆಕ್ಕವಿತ್ತು: ಒಂದು ಲಕ್ಷದ ಎಪ್ಪತ್ತೈದು ಸಾವಿರ. ನಕ್ಷತ್ರಗಳ ಬಗ್ಗೆ ಬರೆಯಬೇಕೆಂದಿದ್ದವನ ಕೈಯಿಂದ ಬಾಕಿ ಲೆಕ್ಕ ಬರೆಸಿದರಲ್ಲ, ಆ ಸಿಟ್ಟು ನಮ್ಮಲ್ಲಿ ಆರಬಾರದು. ಅದಕ್ಕೇ ಕೇಳಿಕೊಳ್ಳುತ್ತಿದ್ದೇವೆ: ಯಾರೂ ಒಬ್ಬರೇ ಕೂರಬೇಡಿ. ಪಕ್ಕದ ಮಂಚದವನು ಎರಡು ದಿನ ಮಾತಾಡದಿದ್ದರೆ ಎಬ್ಬಿಸಿ ಕೇಳಿ, 'ನಿಂದು ಬಂತೇನೋ?' ಅಂತ. ನಮ್ಮ ಗೆಳೆಯನನ್ನು ಆ ಸೋಮವಾರ ನಾವು ಕೇಳಬೇಕಿತ್ತು.

ನಮ್ಮ ಏಳರಲ್ಲಿ ಆರು ಜನಕ್ಕೆ ದುಡ್ಡು ಬಂತು. ಏಳನೆಯವಳದು ಇನ್ನೂ ಬಂದಿಲ್ಲ. ಮಾಹಿತಿ ಹಕ್ಕಿನ ಉತ್ತರ ಅವಳ ಕೈಯಲ್ಲಿದೆ, ಮೇಲ್ಮನವಿ ಬರೆದಾಗಿದೆ. ಈ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಆ ಕಿಟಕಿಗೆ ಮತ್ತೆ ಹೋಗುತ್ತಾಳೆ. ಆರು ಜನ ನಾವು ಜೊತೆಗಿರುತ್ತೇವೆ. ರಾಜಾಜಿನಗರದವರು, ಬಸವೇಶ್ವರನಗರದವರು, ಕೆಂಗೇರಿಯವರು, ನಿಮ್ಮ ನಿಮ್ಮ ಕಾಗದ ಹಿಡಿದು ಬನ್ನಿ. ನಾಳೆ ಬಾ ಅಂದರೆ, ಯಾವ ನಾಳೆ ಅಂತ ತಾರೀಖು ಹಾಕಿ ಬರೆದುಕೊಡಿ ಅನ್ನೋಣ.

ಜೈ ಭೀಮ್.